ಹಳೇ ಜಾಗ ಗೊತ್ತಿರುವ ಗೆಳೆಯರಿಗೆ ತಕ್ಕ ಯಂತ್ರ: ಮೈನ್‌ಲ್ಯಾಬ್ ಎಸ್‌ಡಿಸಿ 2300

ಮೈನ್‌ಲ್ಯಾಬ್ ಕಂಪನಿಯ ಎಸ್‌ಡಿಸಿ 2300 ಮೆಟಲ್ ಡಿಟೆಕ್ಟರ್ ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಆಮೇಲೆ ಅದೇ ಕಂಪನಿಯಿಂದ ಜಿಪಿಝಡ್ 7000, ಜಿಪಿಎಕ್ಸ್ 6000 ಬಂದಿವೆ. ಹಾಗಿದ್ದರೂ ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದ ಚಿನ್ನದ ಕಾಡುಗಳಿಗೆ ಇಬ್ಬರು ಹಳೇ ಗೆಳೆಯರು ಹೊರಟರೆ ಒಬ್ಬರ ಕೈಯಲ್ಲಾದರೂ ಇದು ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಜಾಗ ಹುಡುಕಲು ಇದಕ್ಕಿಂತ ಒಳ್ಳೆಯ ಯಂತ್ರಗಳಿವೆ. ಆದರೆ ಹಿಂದೊಮ್ಮೆ ಚಿನ್ನ ಸಿಕ್ಕ ಜಾಗದಲ್ಲಿ ಉಳಿದುಹೋದ ಚೂರುಗಳನ್ನು ಹೆಕ್ಕುವುದರಲ್ಲಿ ಇದರ ಕೈ ಮೇಲು. ಆ ಜಾಗ ಎಲ್ಲಿತ್ತು ಎಂಬುದು ಮಾತ್ರ ಇಪ್ಪತ್ತು ಮೂವತ್ತು ವರ್ಷ ಜೊತೆಗೆ ಅಲೆದವರ ನೆನಪಿನಲ್ಲಿರುತ್ತದೆ. ಹಾಗಾಗಿ ಯಂತ್ರದ ಗುಣದೋಷದ ಜೊತೆಗೆ ಅದನ್ನು ಇಬ್ಬರು ಸೇರಿ ಬಳಸುವ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮೆಲ್ಬರ್ನ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಈ ಹವ್ಯಾಸಕ್ಕೆ ಇಳಿಯುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಡನೋಲಿ, ಟಾರ್ನಗುಲ್ಲ, ಮೋಲಿಯಾಗಲ್, ವೆಡರ್‌ಬರ್ನ್, ಇಂಗಲ್‌ವುಡ್, ಮೇರಿಬರೋ ಊರುಗಳ ಸುತ್ತಲಿನ ಪ್ರದೇಶಕ್ಕೆ ಗೋಲ್ಡನ್ ಟ್ರಯಾಂಗಲ್ ಎಂಬ ಹೆಸರಿದೆ. 1850ರ ದಶಕದಲ್ಲಿ ಗುದ್ದಲಿ, ಬಾಣಲೆ ಹಿಡಿದು ಬಂದವರು ಇಲ್ಲಿನ ಹಳ್ಳಗಳನ್ನೆಲ್ಲ ಅಗೆದು ಹಾಕಿದರು. ಡಿಟೆಕ್ಟರ್ ಕಾಲ ಶುರುವಾದ ಮೇಲೆ, 1980ರಲ್ಲಿ, ಕಿಂಗವರ್ ಬಳಿ ಗ್ಯಾರೆಟ್ ಕಂಪನಿಯ ಯಂತ್ರಕ್ಕೆ ಸಿಕ್ಕ ‘ಹ್ಯಾಂಡ್ ಆಫ್ ಫೇತ್’ ಎಂಬ ಚಿನ್ನದ ಗಟ್ಟಿಯ ತೂಕ 27.2 ಕಿಲೋ. 1995ರಲ್ಲಿ ಎಂಜಿನಿಯರ್ ಬ್ರೂಸ್ ಕ್ಯಾಂಡಿ ವಿನ್ಯಾಸದ ಮೈನ್‌ಲ್ಯಾಬ್ ಎಸ್‌ಡಿ 2000 ಬಂದಾಗ, ಕಬ್ಬಿಣದಂಶ ತುಂಬಿದ ಕೆಂಪು ನೆಲದಲ್ಲೂ ಆಳದ ಸದ್ದು ಕೇಳತೊಡಗಿತು. ಇವತ್ತಿನ ಹಿರಿಯ ಜೋಡಿಗಳು ತಮ್ಮ ಒಳ್ಳೆಯ ಜಾಗಗಳನ್ನು ಕಂಡುಕೊಂಡದ್ದು ಬಹುಪಾಲು ಆ ವರ್ಷಗಳಲ್ಲಿ. ಇಂಥ ಜಾಗವನ್ನು ಅವರು ‘ಪ್ಯಾಚ್’ ಎನ್ನುತ್ತಾರೆ: ಹತ್ತಾರು ಮೀಟರ್ ಅಗಲದಲ್ಲಿ ಹಲವು ಗಟ್ಟಿಗಳು ಚೆದುರಿ ಬಿದ್ದಿರುವ ನೆಲ.

ಆ ಪ್ಯಾಚ್‌ಗಳಲ್ಲಿ ಚಿನ್ನ ಇನ್ನೂ ಯಾಕೆ ಉಳಿದಿದೆ ಎಂಬುದು ಅರ್ಥವಾದರೆ ಈ ಯಂತ್ರವೂ ಅರ್ಥವಾಗುತ್ತದೆ. ಎಸ್‌ಡಿಸಿಯಂಥ ಪಲ್ಸ್ ಇಂಡಕ್ಷನ್ ಯಂತ್ರ ದಂಡದ ತುದಿಯ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ, ವಿದ್ಯುತ್ ಹರಿಸಿ ಥಟ್ಟನೆ ಕಡಿದುಬಿಡುತ್ತದೆ. ಆ ಕ್ಷಣದಲ್ಲಿ ಹತ್ತಿರದ ಲೋಹದೊಳಗೆ ಸುಳಿ ಸುತ್ತುವ ವಿದ್ಯುತ್ ಹುಟ್ಟಿ ಮೆಲ್ಲಗೆ ಆರುತ್ತದೆ. ಆರುವುದರೊಳಗೆ ಯಂತ್ರ ಅದನ್ನು ಆಲಿಸಬೇಕು. ದೊಡ್ಡ, ದಪ್ಪ ಗಟ್ಟಿಯಲ್ಲಿ ಅದು ನಿಧಾನವಾಗಿ ಆರುತ್ತದೆ. ಅರ್ಧ ಗ್ರಾಂ ಚೂರಿನಲ್ಲಿ, ಅಥವಾ ಬೆಣಚುಕಲ್ಲಿನೊಳಗೆ ಎಳೆ ಎಳೆಯಾಗಿ ಹರಡಿದ ಚಿನ್ನದಲ್ಲಿ, ಕೆಲವೇ ಮೈಕ್ರೋಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಹಳೆಯ ಯಂತ್ರಗಳು ನೆಲದ ಗದ್ದಲ ಅಡಗಲಿ ಎಂದು ತುಸು ಕಾದು ಆಲಿಸುತ್ತಿದ್ದವು. ಅಷ್ಟರಲ್ಲಿ ಚೂರಿನ ಸದ್ದು ಮಾಯ. ಎಸ್‌ಡಿಸಿಯ ‘ಮಲ್ಟಿ ಪೀರಿಯಡ್ ಫಾಸ್ಟ್’ ತಂತ್ರ ಕಳಿಸುವ ಕೆಲಸದಿಂದ ಆಲಿಸುವ ಕೆಲಸಕ್ಕೆ ತೀರಾ ಬೇಗ ಹೊರಳುತ್ತದೆ. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಗುಲಗಂಜಿ ತೂಕದ, ಅಂದರೆ ಸುಮಾರು 0.12 ಗ್ರಾಂ ಚಿನ್ನ ನೆಲದ ಮೇಲ್ಪದರದಲ್ಲಿದ್ದರೆ ಇದು ಕೂಗಿ ಹೇಳುತ್ತದೆ.

ಕೊಟ್ಟಿರುವ ಕಾಯಿಲ್ 8 ಇಂಚಿನ ದುಂಡನೆಯ ಮೋನೋ ಕಾಯಿಲ್, ಅಂದರೆ ಕಳಿಸುವುದಕ್ಕೂ ಆಲಿಸುವುದಕ್ಕೂ ಒಂದೇ ಸುರುಳಿ. ಅದು ಯಂತ್ರದೊಡನೆ ಬೆಸೆದಂತೆಯೇ ಬರುವುದರಿಂದ ಬೇರೆ ಅಳತೆಯದನ್ನು ಸಿಕ್ಕಿಸುತ್ತೇನೆ ಎನ್ನಲಾಗದು. ಇದೇ ದೊಡ್ಡ ಮಿತಿ. ಅರ್ಧ ಮೀಟರ್ ಆಳದ ಗಟ್ಟಿಯ ಆಸೆ ಇದ್ದರೆ ಅದೇ ಕಂಪನಿಯ ಜಿಪಿಎಕ್ಸ್ 5000ಕ್ಕೆ ದೊಡ್ಡ ಕಾಯಿಲ್ ಹಾಕಿ, ಇಲ್ಲವೇ ಜಿಪಿಝಡ್ 7000 ಹಿಡಿಯಿರಿ. ಎಸ್‌ಡಿಸಿಯ ತೂಕ 2.3 ಕಿಲೋ. 2021ರಲ್ಲಿ ಬಂದ ಜಿಪಿಎಕ್ಸ್ 6000 ಇದಕ್ಕಿಂತ ಹಗುರ, 2.1 ಕಿಲೋ, ಕಾಯಿಲ್ ಬದಲಿಸಬಹುದು, ಅಗಲವಾದ ನೆಲವನ್ನು ಬೇಗ ಮುಗಿಸಬಹುದು. ಆದರೆ ಬೆಲೆ ಬಹಳ ಹೆಚ್ಚು. ಸೈನ್ಯದವರು ನೆಲಬಾಂಬ್ ಹುಡುಕಲು ಬಳಸುವ ಮೈನ್‌ಲ್ಯಾಬ್ ಎಫ್3 ಕಾಂಪ್ಯಾಕ್ಟ್ ಚೌಕಟ್ಟಿನ ಮೇಲೆ ಎಸ್‌ಡಿಸಿಯನ್ನು ಕಟ್ಟಿರುವುದರಿಂದ ಇದರ ಗಟ್ಟಿತನವೇ ಬೇರೆ. ಮಡಚಿದರೆ ಸುಮಾರು 40 ಸೆಂಟಿಮೀಟರ್, ಬೆನ್ನಚೀಲದೊಳಗೆ ಕೂರುತ್ತದೆ. 3 ಮೀಟರ್ ನೀರಿನೊಳಗೂ ಇಳಿಸಬಹುದು. ಎಪ್ಪತ್ತು ದಾಟಿದವರು ಗುಡ್ಡ ಹತ್ತುವಾಗ ಯಂತ್ರ ಬೆನ್ನ ಮೇಲಿದ್ದು ಎರಡೂ ಕೈ ಖಾಲಿ ಇರುವುದು ಎಂಥ ಅನುಕೂಲ ಎಂದು ಹತ್ತಿದವರಿಗೇ ಗೊತ್ತು.

ಇನ್ನು ನೆನಪಿನ ಮಾತು. ಕೆಲಸದ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ. ಯಂತ್ರ ಕೊಂಡವರು ನೇರ ಕಾಡಿಗೆ ಓಡುತ್ತಾರೆ, ಹಾಗೆ ಮಾಡಬೇಡಿ. ಮೊದಲು ಒಂದು ಸಂಜೆ ಹಳೇ ಜೊತೆಗಾರರೊಡನೆ ನಕ್ಷೆ ಹರವಿಕೊಂಡು ಕೂರಬೇಕು. ವಿಕ್ಟೋರಿಯ ಸರ್ಕಾರದ ಜಿಯೋವಿಕ್ ನಕ್ಷೆಯಲ್ಲಿ ಹಳೇ ಗಣಿಗಳ ಗುರುತುಗಳಿವೆ, ಅದನ್ನು ದೊಡ್ಡದಾಗಿ ಮುದ್ರಿಸಿಕೊಳ್ಳಿ. ‘ಅಲ್ಲೆಲ್ಲೋ ಸಿಕ್ಕಿತ್ತು’ ಎಂಬ ಮಾತನ್ನು ಹತ್ತು ಮೀಟರ್ ನಿಖರತೆಗೆ ಇಳಿಸಬೇಕಾದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. ಅವತ್ತು ಗಾಡಿ ಎಲ್ಲಿ ನಿಲ್ಲಿಸಿದ್ದಿರಿ? ಗಾಡಿಯಿಂದ ಹಳ್ಳ ಎಡಕ್ಕೋ ಬಲಕ್ಕೋ? ಬೆಳಗಿನ ಬಿಸಿಲು ಮುಖಕ್ಕೆ ಬೀಳುತ್ತಿತ್ತೋ ಬೆನ್ನಿಗೋ? ಮೊದಲ ಗಟ್ಟಿ ಎಷ್ಟು ಆಳದಲ್ಲಿತ್ತು, ಕೊನೆಯದು ಎಷ್ಟು? ಯಾವ ಯಂತ್ರ, ಎಷ್ಟು ದೊಡ್ಡ ಕಾಯಿಲ್? ನಿಲ್ಲಿಸಿ ಬಂದದ್ದು ಚಿನ್ನ ಮುಗಿಯಿತೆಂದೋ ಕತ್ತಲಾಯಿತೆಂದೋ? ಕೊನೆಯ ಪ್ರಶ್ನೆಯ ಬೆಲೆ ಬಹಳ. ಮಳೆ, ಕತ್ತಲು, ಬ್ಯಾಟರಿಯ ಕಾರಣಕ್ಕೆ ಬಿಟ್ಟುಬಂದ ಅಂಚುಗಳಲ್ಲಿ ಚಿನ್ನ ಇನ್ನೂ ಹಾಗೇ ಇರುತ್ತದೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುವ ಮುನ್ನ ಬೇರೆ ಬೇರೆಯಾಗಿ ಗುರುತು ಹಾಕಿಸಿ. ಒಟ್ಟಿಗೆ ಕೂತರೆ ಜೋರಾಗಿ ಮಾತಾಡುವವರ ನೆನಪೇ ಇಬ್ಬರ ನೆನಪಾಗಿಬಿಡುತ್ತದೆ. ಎರಡು ಗುರುತುಗಳ ನಡುವೆ ಐವತ್ತು ಮೀಟರ್ ಅಂತರ ಬಂದರೆ ಬೇಸರ ಬೇಡ; ಆ ಐವತ್ತು ಮೀಟರೇ ನೀವು ಹುಡುಕಬೇಕಾದ ನೆಲ. ಕಾಡು ಬದಲಾಗಿರುತ್ತದೆ ಎಂಬುದೂ ಗಮನದಲ್ಲಿರಲಿ. ಕಾಳ್ಗಿಚ್ಚಿನಿಂದ ಗುರುತಿನ ಮರ ಹೋಗಿರಬಹುದು, ಮಣ್ಣುದಾರಿ ಪಕ್ಕಕ್ಕೆ ಸರಿದಿರಬಹುದು. ಹಳೇ ಗಣಿಗುಂಡಿ, ಅದರ ಪಕ್ಕದ ಮಣ್ಣುಗುಡ್ಡೆ, ಹಳ್ಳದ ತಿರುವು, ಬಂಡೆಯ ಸಾಲು ಇಂಥವುಗಳನ್ನೇ ಆಧಾರ ಮಾಡಿಕೊಳ್ಳಿ.

ಹಳೇ ಗಟ್ಟಿಗಳು ಮನೆಯಲ್ಲಿ ಉಳಿದಿದ್ದರೆ ತರಿಸಿ ನೋಡಿ. ಮೈ ಒರಟಾಗಿ, ಬೆಣಚುಕಲ್ಲು ಕಚ್ಚಿಕೊಂಡಿದ್ದರೆ ಅದು ಹುಟ್ಟಿದ, ಬಂಡೆಯೊಳಗಿನ ಚಿನ್ನದ ಎಳೆ ಹತ್ತಿರದಲ್ಲೇ ಇದೆ; ಇಳಿಜಾರಿನ ಮೇಲ್ಭಾಗಕ್ಕೆ ಹುಡುಕಾಟ ಬೆಳೆಸಿ. ಅಂಚು ಸವೆದು ನುಣುಪಾಗಿದ್ದರೆ ನೀರು ಎಳೆದು ತಂದ ಚಿನ್ನ. ಹಳ್ಳದ ಹಳೇ ಪಾತ್ರ, ಜಲ್ಲಿ ಪದರದ ಕಡೆ ನೋಡಿ. ಒಂದು ಡಬ್ಬಿ ಚಿನ್ನದಲ್ಲಿ ಎರಡೂ ಬಗೆ ಬೆರೆತಿದ್ದರೆ ಎರಡು ಜಾಗದ್ದು ಸೇರಿರುವ ಸಾಧ್ಯತೆ ಹೆಚ್ಚು, ಅದನ್ನು ನೆನಪು ಮಾಡಿಸಿ ಬಿಡಿಸಿಕೊಳ್ಳಬೇಕು.

ಜಾಗ ತಲುಪಿದ ಮೇಲೆ ಮೊದಲ ಕೆಲಸ ತರಗೆಲೆ ಗುಡಿಸುವುದು. ಐರನ್‌ಬಾರ್ಕ್ ಎಂಬ ನೀಲಗಿರಿ ಜಾತಿಯ ಮರಗಳ ಕೆಳಗೆ ಮೂರ್ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಎಲೆ, ತೊಗಟೆ ಬಿದ್ದಿರುತ್ತದೆ. ಸಣ್ಣ ಚೂರಿಗೆ ಈ ಯಂತ್ರದ ಆಳವೇ ಕೆಲವು ಸೆಂಟಿಮೀಟರ್ ಇರುವಾಗ ಎಲೆಯ ಮೇಲೆ ಕಾಯಿಲ್ ಆಡಿಸಿದರೆ ಅರ್ಧ ಶಕ್ತಿ ಗಾಳಿಗೆ ಹೋದಂತೆ. ಒಬ್ಬರು ಕುಂಟೆಯಲ್ಲಿ ಕೆರೆಯುತ್ತ ಮುಂದೆ ಹೋಗುವುದು, ಇನ್ನೊಬ್ಬರು ಹಿಂದೆ ಕಾಯಿಲ್ ಆಡಿಸುವುದು, ಅರ್ಧ ಗಂಟೆಗೊಮ್ಮೆ ಅದಲು ಬದಲು. ಒಬ್ಬಂಟಿಗೆ ಈ ಕೆಲಸ ಸೊಂಟ ಮುರಿಯುತ್ತದೆ.

ಸಾಲು ತಪ್ಪದಿರಲು ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಗೆ ಸಣ್ಣ ಸರಪಳಿ ಎಳೆಯುತ್ತ ನಡೆಯುವುದು ಹಳಬರ ರೂಢಿ. ನೆಲದ ಮೇಲೆ ಗೀರು ಮೂಡುತ್ತದೆ, ಮುಂದಿನ ಸಾಲನ್ನು ಅದರ ಪಕ್ಕಕ್ಕೇ ಹಿಡಿಯಬಹುದು. ಸರಪಳಿ ಕಾಯಿಲ್‌ನಿಂದ ಎರಡು ಮೀಟರ್ ಆದರೂ ಹಿಂದಿರಲಿ, ಇಲ್ಲದಿದ್ದರೆ ಅದೇ ಕೂಗುತ್ತದೆ. ಕಾಯಿಲಿನ ಒಂದು ಬೀಸು ಮೂರ್ನಾಲ್ಕು ಸೆಕೆಂಡು ತೆಗೆದುಕೊಳ್ಳಲಿ. ಕಾಯಿಲ್ ನೆಲಕ್ಕೆ ತಾಗಿಕೊಂಡೇ ಜಾರಬೇಕು, ಬೀಸಿನ ಕೊನೆಯಲ್ಲಿ ಮೇಲಕ್ಕೆ ಏಳಬಾರದು. ಪ್ರತಿ ಬೀಸೂ ಹಿಂದಿನ ಬೀಸಿನ ಅರ್ಧವನ್ನು ಮುಚ್ಚಬೇಕು. ಉದ್ದಕ್ಕೆ ಒಮ್ಮೆ ಮುಗಿದ ಮೇಲೆ ಅಡ್ಡಕ್ಕೆ ಇನ್ನೊಮ್ಮೆ. ತೆಳ್ಳಗೆ ನಿಂತುಕೊಂಡ ಚೂರು ಒಂದು ದಿಕ್ಕಿನಿಂದ ಸುಮ್ಮನಿದ್ದು ಇನ್ನೊಂದು ದಿಕ್ಕಿನಿಂದ ಸದ್ದು ಮಾಡುವುದುಂಟು.

ಸೆನ್ಸಿಟಿವಿಟಿ, ಅಂದರೆ ಯಂತ್ರ ಎಷ್ಟು ಚುರುಕಾಗಿ ಆಲಿಸಬೇಕೆಂಬ ಹಂತ, 1ರಿಂದ 5ರವರೆಗಿದೆ. ಎಲ್ಲರೂ ಮೊದಲು ಮಾಡುವ ತಪ್ಪು 5ಕ್ಕೆ ತಿರುಗಿಸುವುದು. ಕಬ್ಬಿಣದ ಕಲ್ಲು ಹೆಚ್ಚಿರುವ ಕೆಂಪು ನೆಲದಲ್ಲಿ ಆಗ ಬರುವ ಗೊರಗೊರದೊಳಗೆ ಸಣ್ಣ ಚಿನ್ನದ ನಯವಾದ ಸದ್ದು ಮುಳುಗಿಹೋಗುತ್ತದೆ. 2 ಅಥವಾ 3ರಲ್ಲಿ ಶುರುಮಾಡಿ, ಹಿನ್ನೆಲೆಯ ಸದ್ದು ಸಮನಾಗಿ ಹರಿಯುತ್ತಿದ್ದರೆ ಮಾತ್ರ ಏರಿಸಿ. ಕೆಲಸಕ್ಕೆ ಇಳಿಯುವ ಮೊದಲು 0.1 ಗ್ರಾಂ ಚೂರೊಂದನ್ನು ಪ್ಲಾಸ್ಟಿಕ್ ಬಿಲ್ಲೆಗೆ ಅಂಟಿಸಿ ಆ ನೆಲದ ಮೇಲೇ ಇಟ್ಟು ಪರೀಕ್ಷಿಸಿ. ಯಾವ ಹಂತದಲ್ಲಿ ಅದು ಸ್ಪಷ್ಟ ಕೇಳುತ್ತದೋ ಅದೇ ಆ ದಿನದ ಹಂತ. ಹೆಡ್‌ಫೋನ್ ಬಿಟ್ಟು ಹುಡುಕಬೇಡಿ. ವಯಸ್ಸಾದಂತೆ ತೀಕ್ಷ್ಣ ಸ್ವರಗಳು ಮೊದಲು ಕೈಬಿಡುತ್ತವೆ. ಅನುಮಾನದ ಸದ್ದಿಗೆ ಗೆಳೆಯರಿಗೂ ಹೆಡ್‌ಫೋನ್ ಕೊಟ್ಟು ಕೇಳಿಸಿ. ನಾಲ್ಕು ಕಿವಿಗೆ ಕೇಳಿದ್ದು ಎರಡು ಕಿವಿಗೆ ಕೇಳಿದ್ದಕ್ಕಿಂತ ನಂಬಲು ಯೋಗ್ಯ.

ಇಬ್ಬರ ಬಳಿಯೂ ಪಲ್ಸ್ ಯಂತ್ರವಿದ್ದರೆ ಒಂದಕ್ಕೊಂದು ತೊಡರುತ್ತವೆ. ತಾಳಬದ್ಧವಾಗಿ ಏರಿಳಿಯುವ ಕುಂಯ್ ಸದ್ದು ಬಂದರೆ ಅದು ನೆಲದ ದೋಷವಲ್ಲ, ಜೊತೆಗಾರರ ಯಂತ್ರ. ಕಡಿಮೆಯೆಂದರೂ 30 ಮೀಟರ್ ದೂರವಿರಿ. ಹೊರಗಿನ ಗದ್ದಲ ತಗ್ಗಿಸುವ ನಾಯ್ಸ್ ಕ್ಯಾನ್ಸಲ್ ಮಾಡುವಾಗ ಒಬ್ಬರ ಯಂತ್ರ ಚಾಲೂ ಇರಬೇಕು, ಆದರೆ ಅವರು ಅಲುಗಾಡದೆ ನಿಂತಿರಬೇಕು. ಇನ್ನೊಬ್ಬರು ಕಾಯಿಲನ್ನು ನೆಲದಿಂದ ಎತ್ತಿ ಹಿಡಿದು ಒತ್ತಬೇಕು. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು. ಇಬ್ಬರೂ ಒಟ್ಟಿಗೆ ಒತ್ತಿದರೆ ಎರಡೂ ಒಂದೇ ಚಾನೆಲ್ಲಿಗೆ ಹೋಗಿ ಕೂತು ದಿನವಿಡೀ ಕಿರಿಕಿರಿ. ಒಬ್ಬರ ಗುಂಡಿ ನೋಡಲು ಇನ್ನೊಬ್ಬರು ಬರುವಾಗ ತಮ್ಮ ಯಂತ್ರವನ್ನು ಆಫ್ ಮಾಡಿಯೇ ಬರಬೇಕು. ಇದು ಅಲ್ಲಿ ಮರ್ಯಾದೆಯ ವಿಷಯವೂ ಹೌದು.

ಕಬ್ಬಿಣ ಬೇರೆ, ಚಿನ್ನ ಬೇರೆ ಎಂದು ಈ ಯಂತ್ರ ಹೇಳುವುದಿಲ್ಲ. ಬಂದೂಕಿನ ಸೀಸದ ಗುಂಡು, ಬೂಟಿನ ಮೊಳೆ, ತಗಡಿನ ಚೂರು, ಬೇಲಿ ತಂತಿ, ಎಲ್ಲವನ್ನೂ ಅಗೆಯಲೇಬೇಕು. ಮೊದಲು ಕಾಲಿನಿಂದ ಎರಡು ಸೆಂಟಿಮೀಟರ್ ಮಣ್ಣು ಸರಿಸಿ ಮತ್ತೆ ಕೇಳಿ. ಸದ್ದು ಪಕ್ಕಕ್ಕೆ ಹೋಗಿದ್ದರೆ ಲೋಹ ಸರಿಸಿದ ಮಣ್ಣಿನಲ್ಲೇ ಇದೆ, ಅದರಲ್ಲೇ ಹುಡುಕಿ. ಅಲ್ಲೇ ಇದ್ದು ಇನ್ನಷ್ಟು ಚುರುಕಾದರೆ ಪಿಕಾಸಿ ಹಿಡಿಯಿರಿ. ಪಿಕಾಸಿಯ ತಲೆಗೆ ಬಲವಾದ ಅಯಸ್ಕಾಂತ ಅಂಟಿಸಿದ್ದರೆ ಅರ್ಧ ಕಸ ಅದಕ್ಕೇ ಹಿಡಿದುಬರುತ್ತದೆ. ಅಗೆದ ಮಣ್ಣನ್ನು ಪ್ಲಾಸ್ಟಿಕ್ ಮೊಗೆಯಲ್ಲಿ ತುಂಬಿ ಕಾಯಿಲ್ ಮೇಲೆ ಆಡಿಸಿ, ಸದ್ದಿದ್ದರೆ ಅರ್ಧ ಸುರಿದು ಮತ್ತೆ ಆಡಿಸಿ, ಹೀಗೆ ಒಂದು ಚಿಟಿಕೆಗೆ ಇಳಿಸಿ. ಉಂಗುರ, ಕೈಗಡಿಯಾರ, ಬೂಟಿನ ಕಬ್ಬಿಣದ ಕಣ್ಣುಗಳು ಇವೆಲ್ಲ ಸುಳ್ಳು ಸದ್ದು ಕೊಡುತ್ತವೆ, ಮನೆಯಲ್ಲೇ ಬಿಟ್ಟು ಬನ್ನಿ. ಗುಂಡಿಯಿಂದ ಚಿನ್ನ ಸಿಕ್ಕ ಮೇಲೂ ಗುಂಡಿಯನ್ನು ಇನ್ನೊಮ್ಮೆ ಕೇಳಿಸಿ, ಆಮೇಲೆ ಮುಚ್ಚಿ.

ಕೆಡುವುದು ಎಲ್ಲಿ? ಕಾಯಿಲ್ ತಳದ ಪ್ಲಾಸ್ಟಿಕ್ ತಟ್ಟೆಯೊಳಗೆ ಕಬ್ಬಿಣದ ಕಪ್ಪು ಮರಳು ಸೇರಿಕೊಂಡು, ಕಾಯಿಲ್ ಎಲ್ಲಿಗೆ ತಟ್ಟಿದರೂ ಚಿಟ್ ಎನ್ನುತ್ತದೆ. ವಾರಕ್ಕೊಮ್ಮೆ ಬಿಚ್ಚಿ ತೊಳೆದು, ಒಣಗಿಸಿ, ಅಂಚಿಗೆ ಟೇಪ್ ಸುತ್ತಿ. ಬ್ಯಾಟರಿ ಕೋಣೆಯ ರಬ್ಬರ್ ಉಂಗುರದ ಮೇಲೆ ಒಂದು ಮರಳಿನ ಕಣ ಕೂತರೂ ನೀರು ಒಳಹೋಗುತ್ತದೆ. ಪ್ರತಿ ಸಲ ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ನಾಲ್ಕು ಸಿ ಅಳತೆಯ ಸೆಲ್‌ಗಳು ಬೇಕು. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ, ಇನ್ನೂ ನಾಲ್ಕು ಚೀಲದಲ್ಲಿರಲಿ. ದಂಡ ಮಡಚುವ ಕೀಲು, ಬಿಗಿಯುವ ತಿರುಗುಣಿಗಳಲ್ಲಿ ಧೂಳು ಕೂತಾಗ ಬಲವಂತ ಮಾಡಿದರೆ ಹಲ್ಲು ಸವೆಯುತ್ತದೆ. ಉಪ್ಪಿನಂಶದ ಒದ್ದೆ ಜೇಡಿನಲ್ಲಿ ಈ ಯಂತ್ರದ ಚುರುಕುತನವೇ ಶತ್ರು. ಉಪ್ಪೂ ಲೋಹದಂತೆ ಕೇಳಿಸುತ್ತದೆ. ಅಂಥ ನೆಲ ಒಣಗುವವರೆಗೆ ಕಾಯಿರಿ, ಇಲ್ಲವೇ ಬೇರೆ ಯಂತ್ರ ತನ್ನಿ.

ಪಾಲಿನ ಮಾತನ್ನು ಗಾಡಿ ಹತ್ತುವ ಮೊದಲೇ ಆಡಿಬಿಡಿ. ದಶಕಗಳ ಸ್ನೇಹ ಒಡೆಯುವುದು ಇಲ್ಲೇ. ಯಾರಿಗೆ ಸಿಕ್ಕಿದ್ದು ಅವರಿಗೆ ಎನ್ನುವುದು ಒಂದು ಪದ್ಧತಿ. ಬೇರೆ ಬೇರೆ ಹಳ್ಳದಲ್ಲಿ ಹುಡುಕುವವರಿಗೆ ಅದು ಸರಿ. ಆದರೆ ಒಬ್ಬರು ಜಾಗದ ನೆನಪು ಕೊಟ್ಟು, ಇನ್ನೊಬ್ಬರು ಎಸ್‌ಡಿಸಿ ತಂದು, ಒಬ್ಬರು ಕೆರೆದು ಇನ್ನೊಬ್ಬರು ಆಲಿಸುವ ಕೆಲಸದಲ್ಲಿ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಸಮಪಾಲು ಮಾಡುವುದೇ ನ್ಯಾಯ. ಸಂಜೆ 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ದಿನಾಂಕ, ಜಾಗ, ಆಳ, ತೂಕ ಬರೆದಿಡಿ. ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ದಾಟಿದ ಗಟ್ಟಿ ಸಿಕ್ಕರೆ ಮಾರುವುದೋ ಇಟ್ಟುಕೊಳ್ಳುವುದೋ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಆ ಪುಸ್ತಕವೇ ಮುಂದಿನವರಿಗೆ ನೆನಪು. ಜೊತೆಗಾರರು ತೀರಿಕೊಂಡಾಗ ಅವರ ಜಾಗಗಳೂ ಅವರೊಡನೆ ಹೋಗಿಬಿಡುವುದನ್ನು ಈ ಕಾಡುಗಳಲ್ಲಿ ಎಷ್ಟೋ ಜನ ಕಂಡಿದ್ದಾರೆ.

ಜೋಡಿಯಾಗಿ ಹುಡುಕುವುದು ಇಲ್ಲಿ ಹಳೆಯ ಪದ್ಧತಿ. ಲೋಕದಲ್ಲಿ ಇದುವರೆಗೆ ಸಿಕ್ಕ ಅತಿ ದೊಡ್ಡ ಗಟ್ಟಿ ಎಂದು ಹೆಸರಾದ ‘ವೆಲ್ಕಮ್ ಸ್ಟ್ರೇಂಜರ್’ 1869ರ ಫೆಬ್ರವರಿ 5ರಂದು ಮೋಲಿಯಾಗಲ್‌ನಲ್ಲಿ ಸಿಕ್ಕಿದ್ದು ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬ ಪಾಲುದಾರರಿಗೆ. ಕಲ್ಲು ಕಳೆದ ಚಿನ್ನದ ತೂಕ ಸುಮಾರು 71 ಕಿಲೋ. ಇದ್ದದ್ದು ನೆಲದಿಂದ ಕೇವಲ 3 ಸೆಂಟಿಮೀಟರ್ ಕೆಳಗೆ. ಡನೋಲಿಯಲ್ಲಿ ಅಷ್ಟು ದೊಡ್ಡ ತಕ್ಕಡಿ ಇಲ್ಲದೆ ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಿದರು. ಇಬ್ಬರೂ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. ಅದೇ ಕಾರ್ನ್‌ವಾಲ್‌ನ ಗಣಿ ಕೆಲಸಗಾರರು ಮುಂದೆ ನಮ್ಮ ಕೋಲಾರದ ಗಣಿಗಳಿಗೂ ಬಂದರು. ನ್ಯೂಜಿಲೆಂಡ್ ಯುದ್ಧದಲ್ಲಿದ್ದು ಬಂದ ಐರಿಷ್ ಸೈನಿಕ ಲವೆಲ್ 1873ರಲ್ಲಿ ಮೈಸೂರು ಸರ್ಕಾರದ ಬಳಿ ಕೋಲಾರದಲ್ಲಿ ಹುಡುಕಲು ಅನುಮತಿ ಬೇಡಿದ್ದರಿಂದಲೇ ಕೆಜಿಎಫ್ ಕತೆ ಶುರುವಾದದ್ದು.

ಕಾನೂನು ಸಲೀಸು, ಆದರೆ ಪಾಲಿಸಲೇಬೇಕು. ವಿಕ್ಟೋರಿಯದಲ್ಲಿ ಮೈನರ್ಸ್ ರೈಟ್ ಎಂಬ ಪರವಾನಗಿ ಸಣ್ಣ ಶುಲ್ಕಕ್ಕೆ 10 ವರ್ಷಕ್ಕೆ ಸಿಗುತ್ತದೆ. ಪ್ರತಿಯೊಬ್ಬರೂ ತಮ್ಮದನ್ನು ಪಡೆಯಬೇಕು. ಕೈ ಉಪಕರಣ ಮಾತ್ರ, ಗುಂಡಿ ಮುಚ್ಚುವುದು ಕಡ್ಡಾಯ, ಖಾಸಗಿ ನೆಲಕ್ಕೆ ಮಾಲೀಕರ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಗೊತ್ತುಪಡಿಸಿದ ಕೆಲವು ಭಾಗ ಬಿಟ್ಟರೆ ಹುಡುಕುವಂತಿಲ್ಲ. ಮೂಲನಿವಾಸಿಗಳ ಪಾರಂಪರಿಕ ಸ್ಥಳಗಳನ್ನು ಕದಲಿಸುವಂತಿಲ್ಲ. ಊರಿಗೆ ಯಂತ್ರ ತರುವ ಯೋಚನೆಯಿದ್ದರೆ ಬಿಟ್ಟುಬಿಡಿ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಕಾಲ ಹೋಯಿತು. ಈಗ ಖನಿಜಕ್ಕೆ ಒಂದು ಕಾಯ್ದೆ, ನಿಧಿಗೆ ಇನ್ನೊಂದು, ಪ್ರಾಚೀನ ವಸ್ತುಗಳಿಗೆ 1972ರ ಮತ್ತೊಂದು ಕಾಯ್ದೆ ಇದೆ. ಹವ್ಯಾಸಕ್ಕೆಂದು ಅಗೆದವರು ನೇರ ಪೊಲೀಸ್ ಠಾಣೆಯಲ್ಲಿ ಕೂರುತ್ತಾರೆ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೋಗುವುದು ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ವಿಷದ ಬ್ರೌನ್ ಹಾವುಗಳೂ ಓಡಾಡುತ್ತವೆ. ಹಾವು ಕಚ್ಚಿದರೆ ಬಿಗಿಯಾಗಿ ಸುತ್ತುವ ಬ್ಯಾಂಡೇಜ್ ಇಬ್ಬರ ಚೀಲದಲ್ಲೂ ಇರಲಿ. ಹೆಡ್‌ಫೋನ್ ಹಾಕಿಕೊಂಡು ತಲೆ ತಗ್ಗಿಸಿ ನಡೆಯುವವರಿಗೆ ತೆರೆದ ಹಳೇ ಗಣಿಗುಂಡಿಗಳು ಹಾವಿಗಿಂತ ಅಪಾಯ. ಮೊಬೈಲ್ ಸಿಗ್ನಲ್ ನಂಬದೆ ಕೈಯಲ್ಲಿ ಹಿಡಿದು ಪರಸ್ಪರ ಮಾತಾಡುವ ಯುಎಚ್‌ಎಫ್ ರೇಡಿಯೋ ಇಟ್ಟುಕೊಳ್ಳಿ, ಗಂಟೆಗೊಮ್ಮೆ ಮಾತಾಡಿಸಿ. 5 ಮತ್ತು 35ನೇ ಚಾನೆಲ್ ತುರ್ತಿಗೆ ಮೀಸಲು, ಹರಟೆಗೆ ಬಳಸಬಾರದು.

ಕೊಳ್ಳುವವರಿಗೆ ಕೊನೆಯ ಮಾತು. ನಿಮ್ಮ ಬಳಿಯಾಗಲಿ ಜೊತೆಗಾರರ ಬಳಿಯಾಗಲಿ ಹಳೇ ಪ್ಯಾಚ್‌ಗಳ ನೆನಪಿದ್ದರೆ ಎಸ್‌ಡಿಸಿ 2300ಕ್ಕೆ ಕೊಟ್ಟ ಹಣ ಸಾರ್ಥಕ. ಒಂದೂ ಇಲ್ಲದ ಹೊಸಬರಿಗೆ, ಹಣವಿದ್ದರೆ ಜಿಪಿಎಕ್ಸ್ 6000 ವಾಸಿ. ಸೆಕೆಂಡ್ ಹ್ಯಾಂಡ್ ಎಸ್‌ಡಿಸಿ ನೋಡುವಾಗ ಪೂರ್ತಿ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿಸಿ. ಚಾಲೂ ಇಟ್ಟು ದಂಡವನ್ನು ಮೆಲ್ಲಗೆ ಅಲುಗಿಸಿದಾಗ ಚಿಟಪಟ ಕೇಳಿದರೆ ಕೇಬಲ್ ಕೆಟ್ಟಿದೆ. ಬ್ಯಾಟರಿ ಕೋಣೆಯಲ್ಲಿ ಹಸಿರು ತುಕ್ಕು, ಹೆಡ್‌ಫೋನ್ ಸಾಕೆಟ್‌ನಲ್ಲಿ ಬಿಳಿ ಪುಡಿ ಕಂಡರೆ ಬೇಡ. ಮೈನ್‌ಲ್ಯಾಬ್ ಹೆಸರಿನಲ್ಲಿ ನಕಲಿ ಯಂತ್ರಗಳೂ ಓಡಾಡುತ್ತಿರುವುದರಿಂದ ಸೀರಿಯಲ್ ನಂಬರನ್ನು ಕಂಪನಿಯಲ್ಲಿ ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ. ನಿಮ್ಮ 0.1 ಗ್ರಾಂ ಬಿಲ್ಲೆಯನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಮಾರುವವರ ಅಂಗಳದ ಮಣ್ಣಿನ ಮೇಲೆಯೇ ಇಟ್ಟು ಕೇಳಿ.